ನ್ಯಾಸ್‌ಗೆ ರ‍್ಯಾಮ್ ಕೊಳ್ಳುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯಲ್ಲೋ ಸಣ್ಣ ಆಫೀಸಿನಲ್ಲೋ ಎಲ್ಲರ ಫೈಲುಗಳನ್ನು ಒಂದೇ ಕಡೆ ಇಡುವ ನೆಟ್‌ವರ್ಕ್ ಸ್ಟೋರೇಜ್ ಪೆಟ್ಟಿಗೆ, ಅಂದರೆ ನಾವು ನ್ಯಾಸ್ ಅನ್ನುವ ಯಂತ್ರ. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅದಕ್ಕೆ ರ‍್ಯಾಮ್ ಹಾಕಿಸುವ ಬಗ್ಗೆಯೇ ಇವೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಬೇಡದ ರ‍್ಯಾಮ್‌ಗೆ ದುಡ್ಡು ಸುರಿಯುವವರನ್ನು ನೋಡಿ ನೋಡಿ ಮಾತು ಸ್ವಲ್ಪ ಒರಟಾಗಿದೆ. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನನ್ನ ಹತ್ತಿರ 2 ಜಿಬಿ ರ‍್ಯಾಮ್ ಇರುವ, ಎರಡು ಡಿಸ್ಕಿನ ನ್ಯಾಸ್ ಇದೆ. ದೊಡ್ಡ ವಿಡಿಯೊ ಫೈಲ್ ಕಾಪಿ ಮಾಡುವಾಗ ವೇಗ ಸೆಕೆಂಡಿಗೆ 110 ಎಂಬಿ ದಾಟುವುದೇ ಇಲ್ಲ. 6 ಜಿಬಿ ಮಾಡಿಸಿದರೆ ಎಷ್ಟು ಜಾಸ್ತಿ ಆಗಬಹುದು?

ಒಂದು ಎಂಬಿಯೂ ಆಗುವುದಿಲ್ಲ. ನೀವು ಕೊಟ್ಟ 110 ಅನ್ನುವ ಅಂಕಿಯಲ್ಲೇ ಉತ್ತರ ಇದೆ. ಗಿಗಾಬಿಟ್ ನೆಟ್‌ವರ್ಕ್ ಅಂದರೆ ಸೆಕೆಂಡಿಗೆ 1000 ಮೆಗಾಬಿಟ್. ಎಂಟರಿಂದ ಭಾಗಿಸಿ, 125 ಮೆಗಾಬೈಟ್ ಬರುತ್ತದೆ. ಪ್ಯಾಕೆಟ್‌ಗಳನ್ನು ಕಟ್ಟಿ ಬಿಚ್ಚುವ ಖರ್ಚು ಕಳೆದರೆ ಕೈಗೆ ಸಿಗುವುದು 110ರಿಂದ 118ರ ಆಸುಪಾಸು. ನಿಮ್ಮ ಪೆಟ್ಟಿಗೆ ಪೂರ್ತಿ ದುಡಿಯುತ್ತಿದೆ, ತಂತಿಯೇ ತುಂಬಿಹೋಗಿದೆ. ವೇಗ ಬೇಕಿದ್ದರೆ 2.5 ಗಿಗಾಬಿಟ್ ಪೋರ್ಟ್ ನೋಡಿ. ಅದು ನ್ಯಾಸ್‌ನಲ್ಲೂ ಇರಬೇಕು, ಲ್ಯಾಪ್‌ಟಾಪ್‌ನಲ್ಲೂ ಇರಬೇಕು, ನಡುವೆ ಇರುವ ಸ್ವಿಚ್‌ನಲ್ಲೂ ಇರಬೇಕು. ಮೂರರಲ್ಲಿ ಒಂದು ತಪ್ಪಿದರೂ ಮತ್ತೆ ಅದೇ 110.

ಸಾವಿರಾರು ಸಣ್ಣ ಫೈಲುಗಳ ಫೋಲ್ಡರ್ ತೆರೆಯಲು ತಡ ಆಗುತ್ತಿದೆ ಎಂದಿದ್ದರೆ ನನ್ನ ಉತ್ತರ ಬೇರೆ ಇರುತ್ತಿತ್ತು. ಅಲ್ಲಿ ಡಿಸ್ಕಿನ ಹೆಡ್ ಅಲ್ಲಿಂದಿಲ್ಲಿಗೆ ಓಡಾಡುವುದರಲ್ಲೇ ಸಮಯ ಹೋಗುತ್ತದೆ. ರ‍್ಯಾಮ್ ಜಾಸ್ತಿ ಇದ್ದರೆ ಒಮ್ಮೆ ಓದಿದ ಫೋಲ್ಡರ್ ಪಟ್ಟಿ ರ‍್ಯಾಮ್‌ನಲ್ಲೇ ಉಳಿಯುತ್ತದೆ, ಎರಡನೇ ಸಲ ಬೇಗ ತೆರೆಯುತ್ತದೆ. ಒಂದೇ ದೊಡ್ಡ ಫೈಲಿಗೆ ಅದರಿಂದ ಉಪಯೋಗ ಇಲ್ಲ.

ಪ್ರಶ್ನೆ: ನ್ಯಾಸ್‌ನ ಪರದೆಯಲ್ಲಿ ಮೆಮೊರಿ ಯಾವಾಗಲೂ 90 ಶೇಕಡಾ ಮೇಲೆ ತೋರಿಸುತ್ತದೆ. ಗಾಬರಿ ಆಗುತ್ತಿದೆ. ತಕ್ಷಣ ರ‍್ಯಾಮ್ ಹಾಕಿಸಬೇಕಾ?

ಗಾಬರಿ ಬೇಡ. ಈ ಪೆಟ್ಟಿಗೆಗಳಲ್ಲಿ ಹೆಚ್ಚಿನವುಗಳ ಒಳಗೆ ಓಡುವುದು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ. ಖಾಲಿ ರ‍್ಯಾಮ್ ಸುಮ್ನೆ ಬಿದ್ದಿರುವುದು ಲಿನಕ್ಸ್‌ಗೆ ಇಷ್ಟ ಇಲ್ಲ. ಈಗಷ್ಟೇ ಓದಿದ ಫೈಲುಗಳನ್ನು ಅಲ್ಲಿ ತುಂಬಿಸಿ ಇಟ್ಟುಕೊಳ್ಳುತ್ತದೆ. ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದರೆ ಅದನ್ನು ತಕ್ಷಣ ಬಿಟ್ಟುಕೊಡುತ್ತದೆ. ಈ ಸಂಗ್ರಹವನ್ನೂ ಸೇರಿಸಿ ಲೆಕ್ಕ ಹಾಕಿದರೆ ರ‍್ಯಾಮ್ ಯಾವಾಗಲೂ ತುಂಬಿರುವಂತೆಯೇ ಕಾಣುತ್ತದೆ.

ನೋಡಬೇಕಾದ ಅಂಕಿಗಳು ಎರಡು. ಪೆಟ್ಟಿಗೆಗೆ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಕಮಾಂಡ್ ಕೊಡುವ ದಾರಿ) ಮೂಲಕ ಹೋಗಿ ‘ಫ್ರೀ’ ಕಮಾಂಡ್ ಕೊಟ್ಟರೆ ಕೊನೆಯಲ್ಲಿ ‘ಅವೈಲಬಲ್’ ಅನ್ನುವ ಕಾಲಂ ಇರುತ್ತದೆ. ನಿಜವಾಗಿ ಎಷ್ಟು ರ‍್ಯಾಮ್ ಬಿಡಿಸಿಕೊಳ್ಳಬಹುದು ಎಂದು ಕರ್ನಲ್ (ಲಿನಕ್ಸ್‌ನ ತಿರುಳು) ಮಾಡುವ ಅಂದಾಜು ಅದು. 2014ರಲ್ಲಿ ಬಂದ 3.14 ಕರ್ನಲ್‌ನಿಂದ ಈ ಲೆಕ್ಕ ಇದೆ. ಇನ್ನೊಂದು ‘ವಿಎಂಸ್ಟ್ಯಾಟ್’ ಕಮಾಂಡ್‌ನಲ್ಲಿ ಬರುವ ‘ಎಸ್‌ಐ’ ಮತ್ತು ‘ಎಸ್‌ಒ’ ಕಾಲಂಗಳು. ರ‍್ಯಾಮ್ ಸಾಲದೆ ಡಿಸ್ಕಿಗೆ ಎತ್ತಿಡುವುದು, ಮತ್ತೆ ತರುವುದು, ಅಂದರೆ ಸ್ವ್ಯಾಪ್ ಎಷ್ಟು ನಡೆಯುತ್ತಿದೆ ಎಂದು ಅವು ಹೇಳುತ್ತವೆ. ಸ್ವ್ಯಾಪ್‌ನಲ್ಲಿ ಸ್ವಲ್ಪ ಏನಾದರೂ ಇದೆ ಎಂಬುದೇ ರೋಗ ಅಲ್ಲ. ಯಾವಾಗಲೋ ಒಮ್ಮೆ ಎತ್ತಿಟ್ಟದ್ದು ಹಾಗೇ ಉಳಿದಿರಬಹುದು. ಆದರೆ ಪೆಟ್ಟಿಗೆ ನಿಧಾನ ಅನಿಸುವ ಹೊತ್ತಿನಲ್ಲೇ ಈ ಎರಡು ಕಾಲಂಗಳು ಸೊನ್ನೆಗೆ ಇಳಿಯದೆ ಓಡುತ್ತಿದ್ದರೆ, ಆಗ ರ‍್ಯಾಮ್ ಸಾಲುತ್ತಿಲ್ಲ.

ಒಂದು ಸಂಜೆ ಕೂತು ಇಷ್ಟು ನೋಡಿ. ಪ್ರಶ್ನೆ ಕಳಿಸಿದವರಲ್ಲಿ ಹೆಚ್ಚಿನವರು ಇದನ್ನು ನೋಡಿರಲಿಲ್ಲ. ಕೊಳ್ಳಬೇಕಾದ ರ‍್ಯಾಮ್ ಸ್ಟಿಕ್ ಮಾತ್ರ ಆರಿಸಿ ಇಟ್ಟುಕೊಂಡಿದ್ದರು!

ಪ್ರಶ್ನೆ: ನನ್ನದು ಸಿನಾಲಜಿ ಡಿಎಸ್920 ಪ್ಲಸ್. ಒಳಗೆ 4 ಜಿಬಿ ಇದೆ. ಫೋಟೊಗಳಲ್ಲಿ ಮುಖ ಗುರುತಿಸುವ ಕೆಲಸ, ಐದಾರು ಡಾಕರ್ ಕಂಟೇನರ್ (ಬೇರೆ ಬೇರೆ ಡಬ್ಬಿಯಲ್ಲಿಟ್ಟಂತೆ ಓಡುವ ಪ್ರೋಗ್ರಾಂಗಳು), ಒಂದು ವರ್ಚುಯಲ್ ಮಷೀನ್ (ಯಂತ್ರದೊಳಗೇ ಓಡುವ ಇನ್ನೊಂದು ಕಂಪ್ಯೂಟರ್) ಓಡಿಸುತ್ತೇನೆ. ಸ್ವ್ಯಾಪ್ ನಿಲ್ಲುವುದೇ ಇಲ್ಲ. ಕಂಪನಿ 8 ಜಿಬಿಯೇ ಗರಿಷ್ಠ ಅನ್ನುತ್ತದೆ. 16ರ ಸ್ಟಿಕ್ ಹಾಕಿ 20 ಮಾಡಿಕೊಂಡವರಿದ್ದಾರೆ. ಯಾರ ಮಾತು ಕೇಳಲಿ?

ನಿಮ್ಮದು ನಿಜವಾಗಿ ರ‍್ಯಾಮ್ ಬೇಕಾದ ಕೇಸು. ವರ್ಚುಯಲ್ ಮಷೀನ್ ಒಂದೇ 2 ಜಿಬಿ ಹಿಡಿದು ಕೂತರೆ ಉಳಿದದ್ದರಲ್ಲಿ ಉಳಿದವರೆಲ್ಲ ಬದುಕಬೇಕು.

ಆ ಯಂತ್ರದಲ್ಲಿ 4 ಜಿಬಿ ಬೋರ್ಡಿಗೇ ಬೆಸೆದಿದೆ, ಒಂದು ಸ್ಲಾಟ್ ಖಾಲಿ ಇದೆ. ಒಳಗಿರುವುದು ಇಂಟೆಲ್ ಸೆಲೆರಾನ್ ಜೆ4125. ಇಂಟೆಲ್ ತನ್ನ ದಾಖಲೆಯಲ್ಲೇ ಈ ಪ್ರೊಸೆಸರ್‌ಗೆ 8 ಜಿಬಿ ಗರಿಷ್ಠ ಎಂದು ಬರೆದಿದೆ. ಸಿನಾಲಜಿ ಅದನ್ನೇ ಹೇಳುತ್ತಿದೆ. ಆದರೆ 16 ಜಿಬಿ ಸ್ಟಿಕ್ ಹಾಕಿದರೆ ಎಷ್ಟೋ ಜನರ ಯಂತ್ರ 20 ಜಿಬಿ ತೋರಿಸಿ ಓಡುತ್ತದೆ ಎಂಬುದೂ ನಿಜ. ಇಂಟೆಲ್ ಎನ್100 ಕಥೆಯೂ ಹೀಗೆಯೇ: ಕಾಗದದಲ್ಲಿ 16 ಜಿಬಿ, ಜನ 32 ಹಾಕಿ ಓಡಿಸುತ್ತಾರೆ.

ಕಾಗದದ ಮೇಲಿನ ಮಿತಿ ಎಂದರೆ ತಯಾರಕರು ಪರೀಕ್ಷೆ ಮಾಡಿ ಹೊಣೆ ಹೊರುವ ಮಿತಿ. ಅದರಾಚೆ ಓಡಿದರೆ ಓಡಿತು, ಓಡದಿದ್ದರೆ ಕೇಳುವವರಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಫೈಲುಗಳ ಇನ್ನೊಂದು ಪ್ರತಿ ಬೇರೆ ಕಡೆ ಇದ್ದು, ಯಂತ್ರ ಎರಡು ದಿನ ನಿಂತರೂ ನಡೆಯುತ್ತದೆ ಅನ್ನುವವರು ಮಿತಿ ಮೀರಿ ನೋಡಬಹುದು. ಆಫೀಸಿನ ಲೆಕ್ಕಪತ್ರ ಇಟ್ಟಿರುವವರು ಬೇಡ. ನೀವು 4 ಜಿಬಿಯ ಒಂದು ಸ್ಟಿಕ್ ಹಾಕಿ 8 ಮಾಡಿ, ವರ್ಚುಯಲ್ ಮಷೀನನ್ನು ಇನ್ನೊಂದು ಹಳೇ ಕಂಪ್ಯೂಟರ್‌ಗೆ ಸಾಗಿಸಿದರೆ ನಿಮ್ಮ ತೊಂದರೆ ಬಹುಪಾಲು ತೀರುತ್ತದೆ. ನ್ಯಾಸ್ ಮೇಲೆ ಎಲ್ಲವನ್ನೂ ಹೇರುವ ಈ ಚಟ ನನಗೆ ಅಷ್ಟಾಗಿ ಹಿಡಿಸುವುದಿಲ್ಲ.

ಮಿತಿ ಮೀರುವುದೇ ಆದರೆ ಸ್ಟಿಕ್ ಆರಿಸುವಾಗ ಒಂದು ಎಚ್ಚರ. 16 ಜಿಬಿ ಸ್ಟಿಕ್‌ಗಳಲ್ಲಿ ಎರಡು ಬಗೆ ಸಿಗುತ್ತವೆ. ಒಂದರಲ್ಲಿ 8 ಗಿಗಾಬಿಟ್‌ನ 16 ಚಿಪ್, ಇನ್ನೊಂದರಲ್ಲಿ 16 ಗಿಗಾಬಿಟ್‌ನ 8 ಚಿಪ್. ಹಳೆಯ, ಸಣ್ಣ ಪ್ರೊಸೆಸರ್‌ಗಳು ಎರಡನೇ ಬಗೆಯನ್ನು ಗುರುತಿಸದೆ ಹೋಗುವ ಸಂಭವ ಜಾಸ್ತಿ. ಅದನ್ನು ಲೇಬಲ್‌ನಿಂದಲೇ ತಿಳಿಯಬಹುದು. ಮುಂದಿನ ಉತ್ತರ ಅದರ ಬಗ್ಗೆಯೇ.

ಪ್ರಶ್ನೆ: ರ‍್ಯಾಮ್ ಸ್ಟಿಕ್ ಮೇಲೆ ಏನೇನೋ ಅಕ್ಷರ, ಅಂಕಿ ಬರೆದಿರುತ್ತಾರೆ. ಯಾವುದು ಮುಖ್ಯ? ಜಿಬಿ ನೋಡಿದರೆ ಸಾಲದಾ?

ಸಾಲದು. ಜಿಬಿ ಅತ್ಯಂತ ಕಡಿಮೆ ಮುಖ್ಯವಾದದ್ದು ಅಂದರೂ ತಪ್ಪಿಲ್ಲ. ಈಗಿರುವ ಸ್ಟಿಕ್ ತೆಗೆದು ಒಳ್ಳೆ ಬೆಳಕಿನಲ್ಲಿ ಅದರ ಫೋಟೊ ಹೊಡೆದುಕೊಳ್ಳಿ. ನನ್ನ ಫೋನಿನಲ್ಲಿ ಇಂಥ ಲೇಬಲ್‌ಗಳ ಫೋಟೊಗಳೇ ಒಂದು ಆಲ್ಬಂ ತುಂಬಾ ಇವೆ. ಮನೆಯವರ ಪಾಲಿಗೆ ನಗೆಯ ವಸ್ತು. ಆದರೆ ಸ್ಟಿಕ್ ಕೊಳ್ಳುವ ದಿನ ಕೆಲಸಕ್ಕೆ ಬರುವುದು ಅದೇ.

ಲೇಬಲ್ ಹೀಗಿದೆ ಅಂದುಕೊಳ್ಳಿ: ‘8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಎಸ್‌ಎ1’. ಇಂಗ್ಲಿಷ್ ಅಕ್ಷರಗಳಲ್ಲಿರುತ್ತದೆ, ನಾನು ಓದುವ ರೀತಿಯಲ್ಲಿ ಬರೆದಿದ್ದೇನೆ.

‘ಪಿಸಿ4’ ಅಂದರೆ ಡಿಡಿಆರ್4 ತಲೆಮಾರು. ಡಿಡಿಆರ್3 ಸ್ಲಾಟಿಗೆ ಡಿಡಿಆರ್4 ಹೋಗುವುದಿಲ್ಲ, ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಹೋಗುವುದಿಲ್ಲ. ನ್ಯಾಸ್‌ಗಳಲ್ಲಿ ಸಾಮಾನ್ಯವಾಗಿ ಇರುವ ಚಿಕ್ಕ ಸ್ಟಿಕ್, ಅಂದರೆ ಲ್ಯಾಪ್‌ಟಾಪ್‌ಗಳಲ್ಲೂ ಇರುವ ಸೋಡಿಮ್, ಡಿಡಿಆರ್3ರಲ್ಲಿ 204 ಪಿನ್, ಡಿಡಿಆರ್4ರಲ್ಲಿ 260, ಡಿಡಿಆರ್5ರಲ್ಲಿ 262. ಕಚ್ಚಿನ ಜಾಗವೂ ಬೇರೆ. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯುತ್ತದೆ ಅಷ್ಟೇ.

‘2666’ ವೇಗ. ಕೆಲವು ಲೇಬಲ್‌ಗಳಲ್ಲಿ ಇದೇ ವೇಗಕ್ಕೆ ‘ಪಿಸಿ4-21300’ ಎಂದು ಇರುತ್ತದೆ. ಎಂಟರಿಂದ ಗುಣಿಸಿದ ಅಂಕಿ ಅದು, ಬೇರೆ ಸ್ಟಿಕ್ ಅಲ್ಲ. ಯಂತ್ರ ಕೇಳುವುದಕ್ಕಿಂತ ವೇಗದ ಸ್ಟಿಕ್ ಹಾಕಿದರೆ ಸಾಮಾನ್ಯವಾಗಿ ಅದು ಇಳಿದು ಯಂತ್ರದ ವೇಗದಲ್ಲಿ ಓಡುತ್ತದೆ. ಗೇಮ್ ಆಡುವವರಿಗೆಂದು ಮಾರುವ, ಬಣ್ಣದ ಹೊದಿಕೆಯ ಸ್ಟಿಕ್ ಇಲ್ಲಿ ವೇಸ್ಟ್. ಅವುಗಳ ದೊಡ್ಡ ವೇಗ ಬರುವುದು ಎಕ್ಸ್‌ಎಂಪಿ ಅನ್ನುವ ಸೆಟ್ಟಿಂಗ್ ಆನ್ ಮಾಡಿದಾಗ. ರೆಡಿಮೇಡ್ ನ್ಯಾಸ್‌ಗಳಲ್ಲಿ ಆ ಸೆಟ್ಟಿಂಗ್ ಸಿಗುವುದಿಲ್ಲ.

‘1ಆರ್‌ಎಕ್ಸ್8’ ಅನ್ನುವುದೇ ಚಿಪ್‌ಗಳ ಜೋಡಣೆ. ಒಂದು ಸಾಲು, ಪ್ರತಿ ಚಿಪ್ 8 ಬಿಟ್ ಅಗಲ. 64 ಬಿಟ್ ತುಂಬಲು 8 ಚಿಪ್ ಬೇಕು. ‘2ಆರ್‌ಎಕ್ಸ್8’ ಅಂದರೆ ಅಂಥ ಎರಡು ಸಾಲು, 16 ಚಿಪ್. 16 ಜಿಬಿ ಸ್ಟಿಕ್ ‘2ಆರ್‌ಎಕ್ಸ್8’ ಆಗಿದ್ದರೆ ಒಳಗಿರುವುದು 8 ಗಿಗಾಬಿಟ್ ಚಿಪ್. ಅದೇ ‘1ಆರ್‌ಎಕ್ಸ್8’ ಆಗಿದ್ದರೆ 16 ಗಿಗಾಬಿಟ್ ಚಿಪ್. ಮೇಲಿನ ಉತ್ತರದಲ್ಲಿ ಹೇಳಿದ ಎಚ್ಚರ ಇದೇ. ಒಂದೇ ಹೆಸರು, ಒಂದೇ ಜಿಬಿಯ ಸ್ಟಿಕ್ ಒಬ್ಬರ ಯಂತ್ರದಲ್ಲಿ ಓಡಿ ಇನ್ನೊಬ್ಬರ ಯಂತ್ರದಲ್ಲಿ ಮಲಗುವುದಕ್ಕೆ ಇದೂ ಒಂದು ಕಾರಣ. ಕಂಪನಿಗಳು ಹೆಸರು ಬದಲಿಸದೆ ಒಳಗಿನ ಚಿಪ್ ಬದಲಿಸುತ್ತವೆ.

ವೇಗದ ನಂತರ ಗೆರೆ ದಾಟಿ ಬರುವ ಮೊದಲ ಅಕ್ಷರ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಡಿಡಿಆರ್4 ಲೇಬಲ್‌ನಲ್ಲಿ ‘ಎಸ್’ ಅಂದರೆ ಸಾದಾ ಸೋಡಿಮ್. ‘ಟಿ’ ಅಂದರೆ ಇಸಿಸಿ, ಅಂದರೆ ಮೆಮೊರಿಯ ಸಣ್ಣ ದೋಷ ತಿದ್ದುವ ವ್ಯವಸ್ಥೆ, ಇರುವ ಸೋಡಿಮ್. ‘ಯು’ ಅಂದರೆ ಉದ್ದದ ಸಾದಾ ಸ್ಟಿಕ್. ‘ಇ’ ಅಂದರೆ ಇಸಿಸಿ ಇರುವ ಉದ್ದದ ಸ್ಟಿಕ್. ‘ಆರ್’ ಅಂದರೆ ದೊಡ್ಡ ಸರ್ವರ್‌ಗಳ ರಿಜಿಸ್ಟರ್ಡ್ ಸ್ಟಿಕ್. ಹಳೆಯ ಸ್ಟಿಕ್‌ನಲ್ಲಿ ಯಾವ ಅಕ್ಷರ ಇದೆಯೋ ಹೊಸದರಲ್ಲೂ ಅದೇ ಇರಲಿ. ವೇಗದ ಅಂಕಿಗೇ ಅಂಟಿಕೊಂಡಿರುವ ‘ವಿ’ ಅನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ, ಅದು ವೇಗದ ದರ್ಜೆ.

ಪ್ರಶ್ನೆ: ಆಫೀಸಿನ ಹಳೇ ಸರ್ವರ್ ಬಿಚ್ಚಿದಾಗ 16 ಜಿಬಿಯ ನಾಲ್ಕು ಇಸಿಸಿ ಸ್ಟಿಕ್ ಪುಕ್ಕಟೆ ಸಿಕ್ಕಿವೆ. ನಾನು ಕೂಡಿಸಿದ ನ್ಯಾಸ್‌ನಲ್ಲಿ ಸಾದಾ ಡೆಸ್ಕ್‌ಟಾಪ್ ಬೋರ್ಡ್ ಇದೆ. ಡಿಡಿಆರ್4 ಎರಡೂ. ಹಾಕಬಹುದಾ?

ಲೇಬಲ್‌ನಲ್ಲಿ ಆ ಅಕ್ಷರ ‘ಆರ್’ ಇದ್ದರೆ ಆಗುವುದಿಲ್ಲ. ದೊಡ್ಡ ಸರ್ವರ್‌ನಿಂದ ಬಂದದ್ದಾದರೆ ಬಹುತೇಕ ಅದೇ ಇರುತ್ತದೆ. ಡಿಡಿಆರ್4ರಲ್ಲಿ ಈ ಸ್ಟಿಕ್‌ಗೂ ಡೆಸ್ಕ್‌ಟಾಪ್ ಸ್ಟಿಕ್‌ಗೂ 288 ಪಿನ್ನೇ, ಕಚ್ಚೂ ಒಂದೇ ಕಡೆ. ಸಲೀಸಾಗಿ ಕೂರುತ್ತದೆ. ಯಂತ್ರ ಮಾತ್ರ ಏಳುವುದಿಲ್ಲ. ರಿಜಿಸ್ಟರ್ಡ್ ಸ್ಟಿಕ್‌ನಲ್ಲಿ ಪ್ರೊಸೆಸರ್ ಕೊಡುವ ಆಜ್ಞೆಗಳು ನಡುವಿನ ಒಂದು ಚಿಪ್ ಮೂಲಕ ಹೋಗುತ್ತವೆ. ಡೆಸ್ಕ್‌ಟಾಪ್ ಬೋರ್ಡಿಗೆ ಆ ಭಾಷೆ ಬರುವುದಿಲ್ಲ.

ಇಸಿಸಿ ಬೇಕು ಅನ್ನುವ ಚಿಕ್ಕ ಸರ್ವರ್‌ಗಳಲ್ಲೂ ಇದೇ ಗುಂಡಿ ಇದೆ. ಎಚ್‌ಪಿಯ ಮೈಕ್ರೋಸರ್ವರ್ ಜೆನ್8 ಅನ್ನು ನ್ಯಾಸ್ ಮಾಡಿಕೊಂಡವರು ತುಂಬಾ ಜನ. ಅದರಲ್ಲಿ ಎರಡು ಸ್ಲಾಟ್, ಗರಿಷ್ಠ 16 ಜಿಬಿ. ಬೇಕಾದದ್ದು ಡಿಡಿಆರ್3, ಇಸಿಸಿ ಇರುವ ಆದರೆ ರಿಜಿಸ್ಟರ್ಡ್ ಅಲ್ಲದ ಸ್ಟಿಕ್. ಆ ಜಾತಿ ಸಿಗುವುದು ಕಷ್ಟ, ರಿಜಿಸ್ಟರ್ಡ್ ರಾಶಿ ರಾಶಿ ಸಿಗುತ್ತದೆ. ಅಗ್ಗ ಎಂದು ಅದನ್ನು ತಂದವರು ಕೊನೆಗೆ ಅದನ್ನೇ ಮಾರಲು ಇಡುತ್ತಾರೆ. ಪುಕ್ಕಟೆ ಸಿಕ್ಕಿದ್ದನ್ನು ನೀವೂ ಮಾರಿ, ಬಂದ ದುಡ್ಡಿನಲ್ಲಿ ಸರಿಯಾದದ್ದು ಕೊಳ್ಳಿ.

ಪ್ರಶ್ನೆ: ಹಳೇ ಲ್ಯಾಪ್‌ಟಾಪ್‌ನಿಂದ ತೆಗೆದ ಡಿಡಿಆರ್3 ಸ್ಟಿಕ್ ಇದೆ. ನ್ಯಾಸ್ ಡಿಡಿಆರ್3ಎಲ್ ಕೇಳುತ್ತದೆ. ಒಂದು ‘ಎಲ್’ ಅಲ್ವಾ, ನಡೆಯುತ್ತದಾ?

ನಡೆಯುವುದಿಲ್ಲ. ಡಿಡಿಆರ್3ಗೆ 1.5 ವೋಲ್ಟ್, ಡಿಡಿಆರ್3ಎಲ್‌ಗೆ 1.35. ಎಲ್ ಇರುವ ಸ್ಟಿಕ್ ಎರಡರಲ್ಲೂ ಓಡುತ್ತದೆ. ಎಲ್ ಇಲ್ಲದ್ದು 1.35 ವೋಲ್ಟ್ ಮಾತ್ರ ಕೊಡುವ ಯಂತ್ರದಲ್ಲಿ ಓಡುತ್ತದೆ ಎಂದು ನಂಬುವಂತಿಲ್ಲ. ಪಿನ್ ಒಂದೇ ಆದ್ದರಿಂದ ಕೂರುತ್ತದೆ, ಅಷ್ಟಕ್ಕೆ ಮೋಸ ಹೋಗಬೇಡಿ. ಲೇಬಲ್‌ನಲ್ಲಿ ‘ಪಿಸಿ3ಎಲ್’ ಎಂದೇ ಇರಬೇಕು.

ಪ್ರಶ್ನೆ: ಟ್ರೂನ್ಯಾಸ್ ಅನ್ನುವ ಸಾಫ್ಟ್‌ವೇರ್ ಹಾಕಿ 40 ಟಿಬಿಯ ನ್ಯಾಸ್ ಕಟ್ಟುತ್ತಿದ್ದೇನೆ. ಅದರ ಫೈಲ್ ಸಿಸ್ಟಂ ಆದ ಝಡ್‌ಎಫ್‌ಎಸ್‌ಗೆ ಒಂದು ಟಿಬಿಗೆ ಒಂದು ಜಿಬಿ ರ‍್ಯಾಮ್ ಬೇಕೇ ಬೇಕು, ಅದೂ ಇಸಿಸಿಯೇ ಆಗಬೇಕು, ಇಲ್ಲದಿದ್ದರೆ ಡೇಟಾ ಹಾಳಾಗುತ್ತದೆ ಎಂದು ಸ್ನೇಹಿತರು ಹೆದರಿಸುತ್ತಾರೆ. ನಿಜವಾ?

ಎರಡು ಬೇರೆ ಬೇರೆ ಮಾತುಗಳು ಸೇರಿಕೊಂಡಿವೆ. ಮೊದಲು ಜಿಬಿ ಲೆಕ್ಕ.

ಟಿಬಿಗೆ ಒಂದು ಜಿಬಿ ಅನ್ನುವುದು ಕಣ್ಣಳತೆಯ ಮಾತು, ನಿಯಮ ಅಲ್ಲ. ಟ್ರೂನ್ಯಾಸ್ ಕೇಳುವ ಕನಿಷ್ಠ 8 ಜಿಬಿ. ಅದರ ಮೇಲೆ ಹಾಕಿದ್ದೆಲ್ಲ ಹೆಚ್ಚಾಗಿ ಎಆರ್‌ಸಿ ಅನ್ನುವ ಸಂಗ್ರಹಕ್ಕೆ ಹೋಗುತ್ತದೆ. ಪದೇ ಪದೇ ಓದುವ ಡೇಟಾವನ್ನು ಝಡ್‌ಎಫ್‌ಎಸ್ ಅಲ್ಲಿ ಇಟ್ಟುಕೊಳ್ಳುತ್ತದೆ. ಲಿನಕ್ಸ್ ಮೇಲಿನ ಟ್ರೂನ್ಯಾಸ್ ಮೊದಲು ಅರ್ಧ ರ‍್ಯಾಮನ್ನು ಮಾತ್ರ ಇದಕ್ಕೆ ಕೊಡುತ್ತಿತ್ತು. 24.04 ಆವೃತ್ತಿಯಿಂದ ಹೆಚ್ಚುಕಡಿಮೆ ಎಲ್ಲವನ್ನೂ ಬಳಸುತ್ತದೆ. ಹಾಗಾಗಿ ಅಪ್‌ಡೇಟ್ ಆದ ಮೇಲೆ ರ‍್ಯಾಮ್ ತುಂಬಿತು ಎಂದು ಬರೆದವರೂ ಇದೇ ಉತ್ತರ ಓದಿಕೊಳ್ಳಿ.

ನಿಮ್ಮ 40 ಟಿಬಿಯಲ್ಲಿ ಸಿನಿಮಾ ಮತ್ತು ಬ್ಯಾಕಪ್ ಇದೆಯಾ? ಒಂದು ಸಿನಿಮಾವನ್ನು ಒಂದೇ ದಿನ ಹತ್ತು ಸಲ ಯಾರೂ ನೋಡುವುದಿಲ್ಲ. ಅಂಥ ಡೇಟಾಗೆ ಸಂಗ್ರಹದಿಂದ ಲಾಭ ಕಡಿಮೆ. 16 ಜಿಬಿಯಲ್ಲಿ ಆರಾಮಾಗಿ ನಡೆಯುತ್ತದೆ. ಅದೇ ಜಾಗದಲ್ಲಿ ವರ್ಚುಯಲ್ ಮಷೀನ್‌ಗಳ ಡಿಸ್ಕು, ಡೇಟಾಬೇಸ್ ಇದ್ದರೆ 32, 64 ಹಾಕಿದಷ್ಟೂ ಒಳ್ಳೆಯದು. ‘ಆರ್ಕ್ ಸಮರಿ’ ಕಮಾಂಡ್ ಕೊಟ್ಟರೆ ಕೇಳಿದ ಡೇಟಾದಲ್ಲಿ ಎಷ್ಟು ಪಾಲು ರ‍್ಯಾಮ್‌ನಲ್ಲೇ ಸಿಕ್ಕಿತು ಎಂದು ಬರುತ್ತದೆ. ಆಗಲೇ 95 ಶೇಕಡಾ ಮೇಲಿದ್ದರೆ ಇನ್ನೂ ರ‍್ಯಾಮ್ ಸುರಿದು ಏನು ಸಿಗಬೇಕು?

ನಿಜವಾಗಿ ರ‍್ಯಾಮ್ ನುಂಗುವುದು ಡಿಡ್ಯೂಪ್. ಒಂದೇ ಡೇಟಾ ಎರಡು ಕಡೆ ಇದ್ದರೆ ಒಂದೇ ಪ್ರತಿ ಇಡುವ ಸೌಲಭ್ಯ ಅದು. ಪ್ರತಿ ಬ್ಲಾಕಿಗೆ ಸುಮಾರು 320 ಬೈಟ್ ನೆನಪಿಡಬೇಕು ಎಂಬುದು ಹಳೆಯ ಲೆಕ್ಕ. ಬ್ಲಾಕ್ 128 ಕೆಬಿ ಎಂದುಕೊಂಡರೆ ಒಂದು ಟಿಬಿಯಲ್ಲಿ 80 ಲಕ್ಷಕ್ಕೂ ಜಾಸ್ತಿ ಬ್ಲಾಕ್, ಅಂದರೆ 2.5 ಜಿಬಿ. ಬ್ಲಾಕ್ 64 ಕೆಬಿ ಆದರೆ ಅದರ ಎರಡರಷ್ಟು, 5 ಜಿಬಿ. ನಿಮ್ಮ 40 ಟಿಬಿಗೆ ಗುಣಿಸಿ ನೋಡಿ. ಡಿಡ್ಯೂಪ್ ಆಫ್ ಆಗಿಯೇ ಇರಲಿ.

ಇನ್ನು ಇಸಿಸಿ. ಸಾದಾ ಸ್ಟಿಕ್ 64 ಬಿಟ್ ಇಟ್ಟುಕೊಂಡರೆ ಡಿಡಿಆರ್4ರ ಇಸಿಸಿ ಸ್ಟಿಕ್ ಅದರ ಜೊತೆ 8 ಬಿಟ್ ತಾಳೆ ನೋಡಲು ಇಟ್ಟುಕೊಳ್ಳುತ್ತದೆ. ಅದಕ್ಕೇ 8 ಚಿಪ್ ಇರುವ ಕಡೆ 9 ಇರುತ್ತವೆ. ಒಂದು ಬಿಟ್ ತಿರುಗಿದರೆ (0 ಇದ್ದದ್ದು 1 ಅಥವಾ 1 ಇದ್ದದ್ದು 0 ಆದರೆ) ಸರಿ ಮಾಡುತ್ತದೆ, ಎರಡು ತಿರುಗಿದರೆ ಕಂಡುಹಿಡಿದು ಕೂಗುತ್ತದೆ. ಬಿಟ್ ತಿರುಗುವುದು ಅಪರೂಪ ಎಂದು ಭಾವಿಸಬೇಡಿ. ಗೂಗಲ್ ತನ್ನ ಸರ್ವರ್‌ಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ವರ್ಷದಲ್ಲಿ 8 ಶೇಕಡಾಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ದೋಷ ಕಂಡಿತ್ತು.

ಹಾಗೆಂದು ಇಸಿಸಿ ಇಲ್ಲದಿದ್ದರೆ ಝಡ್‌ಎಫ್‌ಎಸ್ ತಾನೇ ಡೇಟಾ ತಿಂದುಹಾಕುತ್ತದೆ ಎಂಬುದು ಕಟ್ಟುಕಥೆ. ಝಡ್‌ಎಫ್‌ಎಸ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಮ್ಯಾಥ್ಯೂ ಆರೆನ್ಸ್ ಅವರೇ ಇದನ್ನು ಸ್ಪಷ್ಟ ಮಾಡಿದ್ದಾರೆ. ಬೇರೆ ಫೈಲ್ ಸಿಸ್ಟಂಗಳಿಗೆ ಎಷ್ಟು ಇಸಿಸಿ ಬೇಕೋ ಇದಕ್ಕೂ ಅಷ್ಟೇ. ಝಡ್‌ಎಫ್‌ಎಸ್ ಡಿಸ್ಕಿನ ಮೇಲಿನ ಡೇಟಾಗೆ ಚೆಕ್‌ಸಮ್, ಅಂದರೆ ಡೇಟಾ ಬದಲಾಗಿದೆಯಾ ಎಂದು ತಾಳೆ ನೋಡುವ ಅಂಕಿ, ಇಡುತ್ತದೆ. ಆದರೆ ಚೆಕ್‌ಸಮ್ ಹಾಕುವ ಮುಂಚೆಯೇ ರ‍್ಯಾಮ್‌ನಲ್ಲಿ ಬಿಟ್ ತಿರುಗಿದ್ದರೆ ತಪ್ಪು ಡೇಟಾಗೆ ಸರಿಯಾದ ಚೆಕ್‌ಸಮ್ ಬೀಳುತ್ತದೆ. ಆ ಸಣ್ಣ ಕಿಂಡಿಯನ್ನು ಮುಚ್ಚುವುದು ಇಸಿಸಿ. ಹೊಸದಾಗಿ ಕಟ್ಟುತ್ತಿದ್ದೀರಿ, ಅವಕಾಶ ಇದೆ, ಹಾಕಿಬಿಡಿ. ಆದರೆ ಇಸಿಸಿ ಸ್ಟಿಕ್‌ಗೂ ಬ್ಯಾಕಪ್ ಡಿಸ್ಕಿಗೂ ಎರಡರಲ್ಲಿ ಒಂದಕ್ಕೆ ಮಾತ್ರ ದುಡ್ಡು ಇದೆ ಅಂದರೆ ಎರಡು ಯೋಚನೆ ಮಾಡಬೇಡಿ, ಬ್ಯಾಕಪ್ ಡಿಸ್ಕು ಕೊಳ್ಳಿ.

ಪ್ರೊಸೆಸರ್ ಮತ್ತು ಬೋರ್ಡ್ ಎರಡೂ ಇಸಿಸಿ ಬಲ್ಲವಾಗಿರಬೇಕು. ಸೆಲೆರಾನ್ ಜೆ4125ಗೆ ಬರುವುದಿಲ್ಲ. ಸಿನಾಲಜಿ ಡಿಎಸ್923 ಪ್ಲಸ್‌ನಲ್ಲಿರುವ ರೈಝೆನ್ ಆರ್1600ಕ್ಕೆ ಬರುತ್ತದೆ. ಹಾಕಿದ ಮೇಲೆ ‘ಡಿಎಂಐಡಿಕೋಡ್’ ಕಮಾಂಡ್ ಕೊಟ್ಟು ನೋಡಿ. ಡಿಡಿಆರ್4ರಲ್ಲಿ ಒಟ್ಟು ಅಗಲ 72, ಡೇಟಾ ಅಗಲ 64 ಎಂದು ಬಂದರೆ ಒಳ್ಳೆ ಲಕ್ಷಣ. ಎರಡೂ 64 ಬಂದರೆ ಇಸಿಸಿ ಕೆಲಸ ಮಾಡುತ್ತಿಲ್ಲ. ಇಸಿಸಿ ಸ್ಟಿಕ್ ಜೊತೆ ಸಾದಾ ಸ್ಟಿಕ್ ಬೆರೆಸಿದರೂ ಹಾಗೇ: ಇಸಿಸಿ ಆಫ್ ಆಗುತ್ತದೆ, ಇಲ್ಲವೇ ಯಂತ್ರವೇ ಏಳುವುದಿಲ್ಲ. ಮತ್ತೆ, ಡಿಡಿಆರ್5ರ ಜಾಹೀರಾತಿನಲ್ಲಿ ‘ಆನ್-ಡೈ ಇಸಿಸಿ’ ಎಂದಿದ್ದರೆ ಅದು ಇದಲ್ಲ. ಚಿಪ್ ತನ್ನ ಒಳಗಿನ ದೋಷವನ್ನು ತಾನೇ ತಿದ್ದಿಕೊಳ್ಳುವ ವ್ಯವಸ್ಥೆ ಅದು, ಎಲ್ಲ ಡಿಡಿಆರ್5ರಲ್ಲೂ ಇರುತ್ತದೆ. ಸ್ಟಿಕ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯನ್ನು ಅದು ಕಾಯುವುದಿಲ್ಲ.

ಪ್ರಶ್ನೆ: ನ್ಯಾಸ್ ಕಂಪನಿಯದೇ ರ‍್ಯಾಮ್ ತುಂಬಾ ದುಬಾರಿ. ಬೇರೆ ಬ್ರ್ಯಾಂಡ್ ಹಾಕಿದರೆ ವಾರಂಟಿ ಹೋಗುತ್ತದಾ?

ನ್ಯಾಸ್ ಕಂಪನಿಗಳು ಮೆಮೊರಿ ಚಿಪ್ ಮಾಡುವುದಿಲ್ಲ. ಜಗತ್ತಿನ ಬಹುಪಾಲು ಚಿಪ್ ಬರುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಮೂವರಿಂದ. ನ್ಯಾಸ್ ಕಂಪನಿ ಅದನ್ನು ಪರೀಕ್ಷೆ ಮಾಡಿ ತನ್ನ ಸ್ಟಿಕ್ಕರ್ ಹಚ್ಚುತ್ತದೆ. ನೀವು ಕೊಡುವ ಜಾಸ್ತಿ ದುಡ್ಡು ಆ ಪರೀಕ್ಷೆಗೆ, ಮತ್ತೆ ಏನಾದರೂ ಆದಾಗ ‘ನಿಮ್ಮ ರ‍್ಯಾಮ್ ತೆಗೆದು ನೋಡಿ’ ಅನ್ನುವ ಮಾತು ಕೇಳದೆ ಇರುವುದಕ್ಕೆ. ಹತ್ತು ಜನರ ಕೆಲಸ ಆ ಪೆಟ್ಟಿಗೆ ಮೇಲೆ ನಿಂತಿದ್ದರೆ ಅದು ಕೊಡಬೇಕಾದ ದುಡ್ಡೇ. ಮನೆಗಾದರೆ ಕೊಡಬೇಡಿ.

ವಾರಂಟಿ ಪತ್ರದಲ್ಲಿ ಏನಿದೆ ಎಂದು ನಿಮ್ಮ ಯಂತ್ರದ್ದನ್ನೇ ಓದಿ. ಬೇರೆ ಸ್ಟಿಕ್ ಹಾಕಿದಾಗ ಕೆಲವು ಯಂತ್ರಗಳು ಪರದೆಯ ಮೇಲೆ ಎಚ್ಚರಿಕೆ ತೋರಿಸಿ ಸುಮ್ಮನಾಗುತ್ತವೆ. ಜೊತೆಗೆ ಬಂದ ಮೂಲ ಸ್ಟಿಕ್ ಎಸೆಯಬೇಡಿ, ಮಾರಲೂ ಬೇಡಿ. ದೂರು ಕೊಡುವ ಮುಂಚೆ ಅದನ್ನು ಮತ್ತೆ ಹಾಕಿ, ತೊಂದರೆ ಆಗಲೂ ಇದೆಯಾ ನೋಡಿ. ಅರ್ಧ ದೂರುಗಳು ಅಲ್ಲೇ ತೀರುತ್ತವೆ.

ಪ್ರಶ್ನೆ: ರ‍್ಯಾಮ್ ಬೆಲೆ ಏರುತ್ತಿದೆ. ಇಳಿಯುವವರೆಗೆ ಕಾಯಲಾ? ಬಳಸಿದ್ದು ಕೊಳ್ಳಬಹುದಾ?

ಎಐ ಡೇಟಾ ಸೆಂಟರ್‌ಗಳಿಗೆ ಬೇಕಾದ ಮೆಮೊರಿಗೆ ಚಿಪ್ ಕಾರ್ಖಾನೆಗಳು ತಮ್ಮ ಸಾಮರ್ಥ್ಯ ತಿರುಗಿಸಿವೆ. 2025ರ ಕೊನೆಗೆ ಬೆಲೆ ಜೋರಾಗಿ ಏರಿದ್ದಕ್ಕೆ ಕಾರಣ ಅದು. ಆ ಡಿಸೆಂಬರ್‌ನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯವಹಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನ್ಯಾಸ್‌ಗೆ ಕಣ್ಣು ಮುಚ್ಚಿ ಕೊಳ್ಳಬಹುದಾದ ಹೆಸರು ಅದಾಗಿತ್ತು. ನನಗಂತೂ ಬೇಜಾರಾಯಿತು. ಯಾವಾಗ ಇಳಿಯುತ್ತದೆ ಎಂದು ಭವಿಷ್ಯ ಹೇಳುವವಳು ನಾನಲ್ಲ. ಸ್ವ್ಯಾಪ್ ನಿಲ್ಲದೆ ಓಡುತ್ತಿದ್ದರೆ ಕಾಯಬೇಡಿ. ಇಲ್ಲದಿದ್ದರೆ ಕೊಳ್ಳಲೇ ಬೇಡಿ.

ಬಳಸಿದ ಡಿಡಿಆರ್4 ಸ್ಟಿಕ್ ಕೊಳ್ಳಲು ನನಗೇನೂ ಅಂಜಿಕೆ ಇಲ್ಲ. ಓಡಾಡುವ ಭಾಗ ಇಲ್ಲದ ವಸ್ತು, ಡಿಸ್ಕಿನಂತೆ ಸವೆಯುವುದಿಲ್ಲ. ಚಿಪ್ ಮಾಡುವ ಕಂಪನಿಯದೇ ಸ್ಟಿಕ್ ಆದರೆ ಇನ್ನೂ ಒಳ್ಳೆಯದು. ಲೇಬಲ್ ಅಷ್ಟೇ ನಂಬಬೇಡಿ, ಚಿಪ್ ಎಣಿಸಿ. ಇಸಿಸಿ ಎಂದು ಹೇಳಿ 8 ಚಿಪ್ಪಿನ ಡಿಡಿಆರ್4 ಸ್ಟಿಕ್ ಕೊಟ್ಟರೆ ಅಲ್ಲೇ ವಾಪಸ್ ಕೊಡಿ. ವಾಪಸ್ ತೆಗೆದುಕೊಳ್ಳುವ ಅವಧಿ ಇರುವ ಕಡೆಯೇ ಕೊಳ್ಳಿ, ಮತ್ತು ಆ ಅವಧಿಯೊಳಗೇ ಪರೀಕ್ಷೆ ಮುಗಿಸಿ.

ಪ್ರಶ್ನೆ: ಹೊಸ ಸ್ಟಿಕ್ ಹಾಕಿದೆ. ಲೈಟ್ ಮಿನುಗುತ್ತಲೇ ಇದೆ, ಯಂತ್ರ ಏಳುತ್ತಿಲ್ಲ. ಕೆಟ್ಟಿತಾ?

ಎಷ್ಟು ಹೊತ್ತು ಕಾದಿರಿ? ಹೊಸ ಸ್ಟಿಕ್ ಕಂಡಾಗ ಯಂತ್ರ ಅದರ ಜೊತೆ ಹೊಂದಿಸಿಕೊಳ್ಳಲು ಸಮಯ ತೆಗೆದುಕೊಳ್ಳುತ್ತದೆ. ಡಿಡಿಆರ್5ರಲ್ಲಿ ಇದು ಕೆಲವು ನಿಮಿಷ ಆಗಬಹುದು. ನಡುವೆ ಪ್ಲಗ್ ಕೀಳಬೇಡಿ. ಹದಿನೈದು ನಿಮಿಷ ಆದರೂ ಹಾಗೇ ಇದ್ದರೆ ಯಂತ್ರ ಆಫ್ ಮಾಡಿ, ಪ್ಲಗ್ ತೆಗೆದು, ಉಳಿದ ಕರೆಂಟ್ ಹೋಗಲೆಂದು ಪವರ್ ಬಟನ್ ಒಮ್ಮೆ ಒತ್ತಿ. ನೆಲಕ್ಕೆ ಸಂಪರ್ಕ ಇರುವ ಲೋಹದ ವಸ್ತು ಮುಟ್ಟಿ ಮೈಯ ಸ್ಥಿರ ವಿದ್ಯುತ್ ಇಳಿಸಿಕೊಳ್ಳಿ. ಡಿಸ್ಕು ತೆಗೆಯಬೇಕಾದ ಮಾದರಿಯಾದರೆ ಪ್ರತಿಯೊಂದರ ಮೇಲೂ ಸ್ಥಾನದ ಅಂಕಿ ಬರೆದಿಟ್ಟು, ಹಾಗೇ ವಾಪಸ್ ಹಾಕಿ.

ಬಹಳಷ್ಟು ಸಲ ಸ್ಟಿಕ್ ಪೂರ್ತಿ ಕೂತಿರುವುದೇ ಇಲ್ಲ. ಸೋಡಿಮ್ ಅನ್ನು ಓರೆಯಾಗಿ ತಳದವರೆಗೆ ತಳ್ಳಿ, ಬಂಗಾರದ ಬಣ್ಣದ ಅಂಚು ಬಹುತೇಕ ಕಾಣದಂತಾದ ಮೇಲೆ ಕೆಳಗೆ ಒತ್ತಬೇಕು. ಎರಡೂ ಕಡೆಯ ಕೊಕ್ಕೆ ಟಿಕ್ ಎನ್ನಬೇಕು. ಆದರೂ ಏಳದಿದ್ದರೆ ಹೊಸದನ್ನು ತೆಗೆದು ಹಳೆಯದರಲ್ಲೇ ಏಳುತ್ತದಾ ನೋಡಿ. ಎದ್ದರೆ ನ್ಯಾಸ್ ಚೆನ್ನಾಗಿದೆ, ಸ್ಟಿಕ್ ಹೊಂದುತ್ತಿಲ್ಲ.

ಎದ್ದ ಮೇಲೂ ತಕ್ಷಣ ಡೇಟಾ ಹಾಕಬೇಡಿ. ಸಿನಾಲಜಿಯಲ್ಲಿ ಕಂಪ್ಯೂಟರ್‌ಗೆ ಹಾಕಿಕೊಳ್ಳುವ ‘ಸಿನಾಲಜಿ ಅಸಿಸ್ಟೆಂಟ್’ ಪ್ರೋಗ್ರಾಂನಿಂದ ಮೆಮೊರಿ ಪರೀಕ್ಷೆ ಮಾಡಬಹುದು. ಪರದೆ ಜೋಡಿಸಬಹುದಾದ ಯಂತ್ರವಾದರೆ ಮೆಮ್‌ಟೆಸ್ಟ್86 ಪ್ಲಸ್ ಒಂದು ರಾತ್ರಿ ಓಡಿಸಿ. ಎರಡೂ ಆಗದಿದ್ದರೆ ಅದೇ ಜಾತಿಯ ಸ್ಟಿಕ್ ಹಿಡಿಯುವ ಲ್ಯಾಪ್‌ಟಾಪ್‌ಗೆ ಹಾಕಿ ಅಲ್ಲಿ ಓಡಿಸಿ. ಒಂದೇ ಒಂದು ದೋಷ ಬಂದರೂ ವಾಪಸ್ ಕಳಿಸಿ. ಒಂದು ತಾನೇ ಎಂದು ಬಿಡಬೇಡಿ.

ಪ್ರಶ್ನೆ: ನನ್ನದು ಸಿನಾಲಜಿಯ ಡಿಎಸ್223ಜೆ. ಸ್ಲಾಟ್ ಎಲ್ಲಿದೆ ಎಂದು ಹುಡುಕಿ ಸಾಕಾಯಿತು.

ಇಲ್ಲ. 1 ಜಿಬಿ ಬೋರ್ಡಿಗೇ ಬೆಸೆದಿದೆ, ಜಾಸ್ತಿ ಮಾಡಲು ಬರುವುದಿಲ್ಲ. ಬಳಸದ ಪ್ಯಾಕೇಜ್‌ಗಳನ್ನು ತೆಗೆದುಹಾಕಿ. ಫೋಟೊ ಇಂಡೆಕ್ಸ್ ಮಾಡುವುದು, ಬ್ಯಾಕಪ್ ತೆಗೆದುಕೊಳ್ಳುವುದು ಒಂದೇ ಹೊತ್ತಿಗೆ ಬೀಳದಂತೆ ಸಮಯ ಬೇರೆ ಬೇರೆ ಇಡಿ. ಬಿಚ್ಚಿದ ಸ್ಕ್ರೂಗಳನ್ನು ಮತ್ತೆ ಬಿಗಿ ಮಾಡಿ.